ರಾನಡೆಯವರ ಎರಡು ಪಾಠಶಾಲೆಗಳು

ಹೋಟಗಿಯಿಂದ ವಿಜಯಪುರದ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ನಿಂಬಾಳ ಒಂದು ಸಣ್ಣ ನಿಲ್ದಾಣ. ಅಲಾಹಾಬಾದ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ಪ್ರಾಧ್ಯಾಪಕ ರಾ.ದ. ರಾನಡೆ (1886–1957) ನಿವೃತ್ತಿಯ ನಂತರ ನೆಲೆಸಿದ್ದು ಇಲ್ಲಿಯೇ. ಅವರ ಗುರು ಉಮದಿಯ ಭಾವುಸಾಹೇಬ ಮಹಾರಾಜರು. ಆ ಪರಂಪರೆಯಲ್ಲಿ ಮರಾಠಿಯ ‘ದಾಸಬೋಧ’ದ ಪಠಣವೂ ಕನ್ನಡ ಪದಗಳ ಗಾಯನವೂ ಒಂದೇ ಸಾಧನೆಯ ಭಾಗಗಳು.

ಇಂದಿನ ಶಿಕ್ಷಕ-ತರಬೇತಿಯಲ್ಲಿ ಅಧ್ಯಾತ್ಮವು ಹೆಚ್ಚಾಗಿ ‘ಮೌಲ್ಯಶಿಕ್ಷಣ’ವೆಂಬ ಸದ್ಗುಣಗಳ ಪಟ್ಟಿಯಾಗಿ ಉಳಿಯುತ್ತದೆ. ರಾನಡೆಯವರ ಕ್ರಮ ಬೇರೆ. ಸಂತರ ಪದಗಳನ್ನು ಅವರು ಸಾಧನೆಯ ಪ್ರೇರಣೆಯಿಂದ ಆರಂಭಿಸಿ ಅನುಭಾವದ ತುದಿಯವರೆಗೆ ಮೆಟ್ಟಿಲುಮೆಟ್ಟಿಲಾಗಿ ಜೋಡಿಸುತ್ತಾರೆ. ನೈತಿಕ ಸಿದ್ಧತೆ ಅಲ್ಲಿ ಒಂದು ಮೆಟ್ಟಿಲು ಮಾತ್ರ. ಪಾಠ ಹೇಳುವವನಿಗೆ ಈ ಜೋಡಣೆಯಿಂದ ದೊಡ್ಡ ಉಪಕಾರವಿದೆ: ಪದವೊಂದನ್ನು ನೀತಿವಾಕ್ಯವಾಗಿ ಇಳಿಸದೆ, ಅದು ಸಾಧಕನ ಯಾವ ಸ್ಥಿತಿಯಿಂದ ಹೊರಟಿದೆಯೆಂದು ಕೇಳಲು ಅದು ಕಲಿಸುತ್ತದೆ. ಆದರೆ ಮೆಟ್ಟಿಲುಗಳೇ ಮುಖ್ಯವಾದಾಗ ದಾಸರ ತುಂಟತನ, ಶರಣರ ಸಿಟ್ಟು, ಪದದ ಲಯ ಇವೆಲ್ಲ ಹಿಂದೆ ಸರಿಯುತ್ತವೆ. ವಚನವೂ ಕೀರ್ತನೆಯೂ ಒಂದೇ ಅನುಭವದ ಸಾಕ್ಷಿಗಳಾಗಿಬಿಡುತ್ತವೆ.

ಇನ್ನೂ ಗಂಭೀರವಾದ ತೊಡಕು ಗ್ರಂಥವಿಭಜನೆಯದು. 1933ರಲ್ಲಿ ಬಂದದ್ದು ಮಹಾರಾಷ್ಟ್ರದ ಅನುಭಾವದ ಗ್ರಂಥ. ಕನ್ನಡ ಸಾಹಿತ್ಯದ ಪರಮಾರ್ಥಮಾರ್ಗದ ಗ್ರಂಥ ಪ್ರಕಟವಾದದ್ದು ಅವರ ನಿಧನಾನಂತರ, 1960ರಲ್ಲಿ. ಎರಡೂ ಇಂಗ್ಲಿಷಿನಲ್ಲಿ. ಉಮದಿ-ನಿಂಬಾಳಗಳಲ್ಲಿ ಒಂದಾಗಿ ಬಾಳಿದ್ದ ಎರಡು ನುಡಿಗಳು ಪ್ರಾಧ್ಯಾಪಕರ ಕಪಾಟಿನಲ್ಲಿ ಪ್ರತ್ಯೇಕ ಸಂಪುಟಗಳಾದವು. (ಈ ವಿಂಗಡಣೆಗೆ ವಿದ್ವತ್ತಿನ ಶಿಸ್ತು ಕಾರಣವೇ ಹೊರತು ಭಾಷಾದ್ವೇಷವಲ್ಲ.) ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಯ ಶಿಕ್ಷಕನಿಗೆ ಬೇಕಾಗಿರುವುದು ಆ ಅವಿಭಕ್ತ ರಾನಡೆ: ತುಕಾರಾಮನ ಅಭಂಗವನ್ನೂ ಪುರಂದರದಾಸರ ಕೀರ್ತನೆಯನ್ನೂ ಒಂದೇ ತರಗತಿಯಲ್ಲಿ, ಮಕ್ಕಳ ಮನೆಮಾತಿನಲ್ಲಿ ಎದುರುಬದುರು ಇಡಬಲ್ಲ ಓದು. ಅದರ ಮಾದರಿ ನಿಂಬಾಳದ ಸಾಧನೆಯಲ್ಲಿತ್ತು. ಸಂಪುಟಗಳಲ್ಲಿ ಅದನ್ನು ನಾವೇ ಕೂಡಿಸಿ ಓದಬೇಕಾಗಿದೆ.