ಖಾಲಿ ಚೌಕಗಳ ಸಹವಾಸ

ಪದಬಂಧವೆಂದರೆ ಒಬ್ಬರೇ ಕೂತು ಬಿಡಿಸುವ ಆಟ ಎಂದುಕೊಂಡವರೇ ಹೆಚ್ಚು. ನಾವು ಕಂಡ ಪದಬಂಧ ಹಾಗಿರಲಿಲ್ಲ. ಹೋಟೆಲಿನ ಟೇಬಲ್ಲಿನ ಮೇಲೆ ಬಿದ್ದಿರುತ್ತಿದ್ದ ಪತ್ರಿಕೆಯಲ್ಲಿ ಒಬ್ಬರು ನೀಲಿ ಶಾಯಿಯಲ್ಲಿ ನಾಲ್ಕು ಪದ ತುಂಬಿ ಎದ್ದು ಹೋಗಿರುತ್ತಿದ್ದರು, ಇನ್ನೊಬ್ಬರು ಪೆನ್ಸಿಲಿನಲ್ಲಿ ಅದನ್ನು ಮುಂದುವರಿಸಿರುತ್ತಿದ್ದರು, ಮಧ್ಯಾಹ್ನದ ಹೊತ್ತಿಗೆ ಗಲ್ಲಾದಲ್ಲಿ ಕೂತವರು ಉಳಿದದ್ದನ್ನು ಮುಗಿಸುತ್ತಿದ್ದರು. ಈಗ ಅದೇ ಕೆಲಸ ಮೊಬೈಲಿನಲ್ಲಿ ನಡೆಯುತ್ತದೆ. ಭಾನುವಾರ ಬೆಳಿಗ್ಗೆ ಯಾರಾದರೊಬ್ಬರು ಪುರವಣಿಯ ಪದಬಂಧದ ಫೋಟೊ ತೆಗೆದು ವಾಟ್ಸಾಪಿಗೆ ಹಾಕುತ್ತಾರೆ. ಹನ್ನೊಂದು ಜನ ಅದರ ಮೇಲೆ ಮುಗಿಬೀಳುತ್ತೇವೆ. ಬಹುಮಾನಕ್ಕೆ ಉತ್ತರ ಕಳಿಸುವುದೂ ಉಂಟು, ಮರೆಯುವುದೂ ಉಂಟು.

ಕಥೆ, ಕವನ, ನಾಟಕ, ಸಿನಿಮಾ ಎಲ್ಲವನ್ನೂ ವಿಮರ್ಶೆಯ ತಕ್ಕಡಿಗೆ ಹಾಕುವ ನಾವು ಪದಬಂಧವನ್ನು ಮಾತ್ರ ಹೊತ್ತು ಕಳೆಯುವ ಸರಕೆಂದು ಬದಿಗಿಟ್ಟಿದ್ದೇವೆ. ಅದಕ್ಕೂ ಒಂದು ಅಳತೆಗೋಲು ಬೇಕು. ನಮ್ಮ ಮಟ್ಟಿಗೆ ಅದು ಇಷ್ಟೇ: ಉತ್ತರ ಹೊಳೆದ ಮೇಲೆ ಅದು ಯಾಕೆ ಸರಿ ಎಂದು ಪಕ್ಕದವರಿಗೆ ಹೇಳಲು ಬರಬೇಕು, ಕೇಳಿದವರು 'ಹೌದಲ್ಲ!' ಎನ್ನಬೇಕು. ಹಾಗೆ ಅನ್ನಿಸದ ಸುಳಿವಿನ ಸುತ್ತ ಜನ ಗುಂಪುಗೂಡಬಹುದು, ಸ್ನೇಹ ಬೆಳೆಯುವುದಿಲ್ಲ.

ಒಗಟು ಸ್ನೇಹಿತರ ಕೂಟದ ವಸ್ತು ಎಂಬ ಮಾತು ಹಳೆಯದು. ದಂಡಿ ತನ್ನ 'ಕಾವ್ಯಾದರ್ಶ'ದಲ್ಲಿ ಪ್ರಹೇಳಿಕೆಗಳ ಉಪಯೋಗ ಹೇಳುವಾಗ ವಿನೋದದ ಗೋಷ್ಠಿಯನ್ನೇ ಮೊದಲು ನೆನೆಯುತ್ತಾನೆ. ಜನಜಂಗುಳಿಯ ನಡುವೆ ಬಲ್ಲವರು ತಮ್ಮೊಳಗೇ ಗುಟ್ಟು ಮಾತಾಡಿಕೊಳ್ಳಲು ಒಗಟು ಒದಗುತ್ತದೆ ಎಂದೂ ಹೇಳುತ್ತಾನೆ. ಅತ್ತ ಹೆರಾತಿನಲ್ಲಿ ಹದಿನೈದನೆಯ ಶತಮಾನದ ಮೌಲಾನಾ ಜಾಮಿ 'ಮುಅಮ್ಮಾ' ಎಂಬ ಹೆಸರು ಹುಡುಕುವ ಒಗಟಿನ ಮೇಲೆ ಶಾಸ್ತ್ರಗ್ರಂಥಗಳನ್ನೇ ಬರೆದರು. ಅರಬಿಯ ಈ ಪದದ ಬೇರಿನಲ್ಲಿ ಕುರುಡು ಎಂಬ ಅರ್ಥವಿದೆ. ಕಾಣದಂತೆ ಮರೆಮಾಡಿದ್ದು ಮುಅಮ್ಮಾ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬವರು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಚೌಕಗಳ ಹೊಸ ಆಟವನ್ನು ಪ್ರಕಟಿಸಿದರು. ಅದು ನಮ್ಮ ದೇಶಕ್ಕೆ ಬಂದಾಗ ಉರ್ದು ಓದುಗರು ಅದಕ್ಕೆ ಬೇರೆ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ, ಮುಅಮ್ಮಾ ಎಂದೇ ಕರೆದರು.

ಉರ್ದು ಬಲ್ಲ ಮನೆಗಳಲ್ಲಿ ಮುಅಮ್ಮಾ ಎಂದರೆ ದಿಲ್ಲಿಯ 'ಶಮಾ' ನೆನಪಾಗುತ್ತದೆ. ಯೂಸುಫ್ ದೆಹಲವಿಯವರು 1939ರಲ್ಲಿ ಆರಂಭಿಸಿದ ಈ ಮಾಸಪತ್ರಿಕೆಯಲ್ಲಿ ಸಿನಿಮಾ ಇತ್ತು, ಉರ್ದುವಿನ ಹೆಸರಾಂತ ಲೇಖಕರ ಕಥೆಗಳಿದ್ದವು, 'ಅದಬಿ ಮುಅಮ್ಮಾ' ಎಂಬ ಬಹುಮಾನದ ಸ್ಪರ್ಧೆಯೂ ಇತ್ತು. ಪತ್ರಿಕೆ 1999ರಲ್ಲಿ ನಿಂತುಹೋಯಿತು. ಕಥೆಗೆಂದು ಕೊಂಡವರೆಷ್ಟು, ಮುಅಮ್ಮಾಕ್ಕೆಂದು ಕೊಂಡವರೆಷ್ಟು ಎಂಬ ತಕರಾರು ಮಾತ್ರ ಹಿರಿಯರಲ್ಲಿ ಇನ್ನೂ ಇದೆ. ಮುಅಮ್ಮಾಕ್ಕಾಗಿ ತಂದ ಪತ್ರಿಕೆಯಲ್ಲಿ ಕಥೆ ಓದಿ ಕೆಟ್ಟವರ ಪೈಕಿ ನಾವೂ ಇದ್ದೇವೆ. ಇಲ್ಲವಾದರೆ ಕಥೆ ಬರೆಯುವ ಚಟ ಅಂಟುತ್ತಿರಲಿಲ್ಲ.

ಇಂಥ ಬಹುಮಾನದ ಸ್ಪರ್ಧೆಗಳ ಒಳಗುಟ್ಟು ಬೇರೆಯೇ ಇರುತ್ತಿತ್ತು. ಸುಳಿವಿಗೆ ಎರಡು ಪದಗಳು ಸಮನಾಗಿ ಹೊಂದುತ್ತಿದ್ದವು. 'ದಿಲ್' ಬರೆದರೂ ವಾಕ್ಯ ಕೂಡುತ್ತದೆ, 'ಗುಲ್' ಬರೆದರೂ ಕೂಡುತ್ತದೆ. ಯಾವುದು ಸರಿ? ಸಂಪಾದಕರು ಮೊದಲೇ ಬರೆದು ಮುಚ್ಚಿಟ್ಟದ್ದು ಸರಿ. ನಮ್ಮ ಬಾಲ್ಯದಲ್ಲಿ ಚಾಚಾ, ಅವರ ಸ್ನೇಹಿತ ಟೈಲರ್, ಮದರಸಾದ ಉಸ್ತಾದರು ಇಶಾ ನಮಾಜಿನ ನಂತರ ಫಾರಂ ಹರಡಿಕೊಂಡು ಕೂರುತ್ತಿದ್ದರು. ಮೊದಲ ಅರ್ಧ ಗಂಟೆ ಗಾಲಿಬ್, ಮೀರ್, ವ್ಯಾಕರಣ. ಆಮೇಲೆ ಲೆಕ್ಕ: ಐದು ಕಡೆ ಎರಡೆರಡು ಪದ ಹೊಂದುವುದಾದರೆ ಮೂವತ್ತೆರಡು ಫಾರಂ ತುಂಬಬೇಕು, ಯಾರು ಎಷ್ಟು ಫಾರಂ ಹಾಕುವುದು, ಬಂದರೆ ಹಂಚಿಕೊಳ್ಳುವುದು ಹೇಗೆ. ಹದಿನೈದು ದಿನ ಕಳೆದು ಉತ್ತರ ಬಂದಾಗ 'ಇದು ಯಾಕೆ ಸರಿ?' ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೂ ಹೇಳುವವರಿರಲಿಲ್ಲ. ಸಾಹಿತ್ಯದ ಹರಟೆಯಾಗಿ ಶುರುವಾದದ್ದು ಚೀಟಿ ವ್ಯವಹಾರವಾಗಿ ಮುಗಿಯುತ್ತಿತ್ತು.

ಈ ಪ್ರಶ್ನೆ ನಮ್ಮ ಜಗುಲಿಗಿಂತ ಮುಂಚೆಯೇ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು, ಅದೂ ನಮ್ಮ ಬೆಂಗಳೂರಿನ ದೆಸೆಯಿಂದ. ಇಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆಯ ಮೂಲಕ ಆರ್.ಎಂ.ಡಿ. ಚಮಾರ್‌ಬಾಗ್‌ವಾಲಾ ಎಂಬವರ ಕಂಪನಿ ಪದಬಂಧ ಸ್ಪರ್ಧೆ ನಡೆಸುತ್ತಿತ್ತು. ಪತ್ರಿಕೆಗೆ ಮುಂಬಯಿ ಪ್ರಾಂತ್ಯದಲ್ಲಿ ದೊಡ್ಡ ಮಾರುಕಟ್ಟೆ. ಅಲ್ಲಿನ ಸರ್ಕಾರ ತೆರಿಗೆ ಹೇರಿದಾಗ ಮೊಕದ್ದಮೆ ಹುಟ್ಟಿತು. 1955ರಲ್ಲಿ ಕೇಂದ್ರವೂ ಬಹುಮಾನ ಸ್ಪರ್ಧೆಗಳ ಕಾಯಿದೆ ತಂದು, ತಿಂಗಳಿಗೆ ಸಾವಿರ ರೂಪಾಯಿಗಿಂತ ಹೆಚ್ಚಿನ ಬಹುಮಾನ ಕೂಡದು, ಎರಡು ಸಾವಿರಕ್ಕಿಂತ ಹೆಚ್ಚು ಪ್ರವೇಶಪತ್ರ ಕೂಡದು ಎಂದಿತು. 1957ರಲ್ಲಿ ಬಂದ ಎರಡು ತೀರ್ಪುಗಳ ಸಾರವೆಂದರೆ, ಉತ್ತರವನ್ನು ಜಾಣ್ಮೆಯಿಂದ ತಲುಪುವಂತಿದ್ದರೆ ಅದು ಸ್ಪರ್ಧೆ, ಅದೃಷ್ಟದಿಂದ ಮಾತ್ರ ತಲುಪುವಂತಿದ್ದರೆ ಅದು ಜೂಜು. ಜೂಜನ್ನು ವ್ಯಾಪಾರವೆಂದು ಹೇಳಿ ಸಂವಿಧಾನದ ರಕ್ಷಣೆ ಕೇಳುವಂತಿಲ್ಲ. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರು ತೀರ್ಪಿನಲ್ಲಿ ಋಗ್ವೇದದ ಜೂಜುಕೋರನನ್ನೂ ಧರ್ಮರಾಯನನ್ನೂ ನೆನೆದಿದ್ದಾರೆ. ನಮ್ಮ ಮಸೀದಿಯ ಹಜರತ್ ಈ ತೀರ್ಪು ಓದಿದವರಲ್ಲ. ಆದರೂ ಫಾರಂ ತುಂಬುವವರನ್ನು ಕಂಡಾಗ ಅವರು ಕೇಳುತ್ತಿದ್ದದ್ದು ಇದನ್ನೇ: "ದುಡ್ಡು ಹಾಕ್ತೀರಿ, ಸರಿ. ಬುದ್ಧಿ ಎಲ್ಲಿ ಹಾಕ್ತೀರಿ, ತೋರಿಸಿ ನೋಡೋಣ."

ಬುದ್ಧಿ ಹಾಕುವ ಜಾಗ ಸುಳಿವಿನಲ್ಲಿರಬೇಕು. ಇಂಗ್ಲೆಂಡಿನಲ್ಲಿ ಈ ನ್ಯಾಯವನ್ನು ಗಟ್ಟಿಯಾಗಿ ಹೇಳಿದವರು 'ಅಫ್ರಿಟ್' ಎಂಬ ಗುಪ್ತನಾಮದ ಎ.ಎಫ್. ರಿಚಿ. 1949ರ ಅವರ ಪುಸ್ತಕದ ತಾತ್ಪರ್ಯ: ರಚಿಸುವವನು ದಾರಿ ತಪ್ಪಿಸಬಹುದು, ಆದರೆ ಅವನ ಮಾತನ್ನು ಸರಿಯಾಗಿ ಓದಿದವನಿಗೆ ಅದರಲ್ಲೇ ಉತ್ತರ ಸಿಗಬೇಕು. (ಅಫ್ರಿಟ್ ಅವರ ಹೆಸರಿನ ಅಕ್ಷರಗಳಲ್ಲೇ ಅಡಗಿತ್ತು. ಅರಬಿ ಕಥೆಗಳ ಇಫ್ರೀತ್ ಜಿನ್ನ್ ಕೂಡ ಹೌದು. ಜಿನ್ನ್ ಒಂದು ನ್ಯಾಯದ ಮಾತಾಡಿದ ಅಪರೂಪದ ಸಂದರ್ಭ!)

ಎರಡು ಲಿಪಿಗಳಲ್ಲಿ ಓದು ಕಲಿತ ನಮಗೆ ಇಲ್ಲಿ ಒಂದು ಸೋಜಿಗ ಕಾಣುತ್ತದೆ. ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನು ಬರೆಯುವುದಿಲ್ಲ. ಮೀಮ್, ಲಾಮ್, ಕಾಫ್ ಎಂದು ಮೂರು ಚೌಕ ತುಂಬಿದರೆ ಅದು ಮುಲ್ಕ್ ಆಗಿ ದೇಶವಾಗಬಹುದು, ಮಲಿಕ್ ಆಗಿ ದೊರೆಯಾಗಬಹುದು, ಮಲಕ್ ಆಗಿ ದೇವದೂತನಾಗಬಹುದು, ಮಿಲ್ಕ್ ಆಗಿ ಆಸ್ತಿಯಾಗಬಹುದು. ಒಂದೇ ಮೂರು ಚೌಕದಲ್ಲಿ ದೇಶ, ದೊರೆ, ದೇವದೂತ, ಆಸ್ತಿ! ಬಿಡಿಸುವವರಿಗೆ ಹಬ್ಬ. ಕನ್ನಡದಲ್ಲಿ ಆ ಸಡಿಲವಿಲ್ಲ. ಒಂದು ಚೌಕಕ್ಕೆ ಒಂದು ಇಡೀ ಅಕ್ಷರ, ಕಾಗುಣಿತ ಒತ್ತಕ್ಷರ ಸಮೇತ. ಹತ್ತು ಕಾಗದ ಮೊಹರಿನ 'ಸ್ವಾತಂತ್ರ್ಯ' ಮೂರೇ ಚೌಕದಲ್ಲಿ ಕೂರುತ್ತದೆ. ಕೊನೆಯ 'ತ್ರ್ಯ'ವನ್ನು ಹಿಡಿದು ಕೆಳಕ್ಕೆ ಇನ್ನೊಂದು ಪದ ಇಳಿಸಿ ನೋಡಿ, ರಚಿಸುವವರ ಪಾಡು ಗೊತ್ತಾಗುತ್ತದೆ. ಕನ್ನಡ ಪದಬಂಧದಲ್ಲಿ ಕಪ್ಪು ಚೌಕಗಳು ಹೆಚ್ಚು, ಪದಗಳು ಚಿಕ್ಕವು ಎಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು. ಕಾಗುಣಿತದ ತಕರಾರು ಬೇರೆ. 'ಸರ್ಕಾರ'ಕ್ಕೆ ಮೂರು ಚೌಕ, 'ಸರಕಾರ'ಕ್ಕೆ ನಾಲ್ಕು. ಘಟೋತ್ಕಚನ ತಾಯಿ ಹಿಡಿಂಬಿಯೋ ಹಿಡಿಂಬೆಯೋ ಎಂಬ ಜಗಳದಲ್ಲಿ ನಮ್ಮ ಒಂದು ಭಾನುವಾರ ಪೂರ್ತಿ ಹೋಗಿದೆ.

ಇಷ್ಟು ಕಷ್ಟದ ನಡುವೆ ಅ.ನಾ. ಪ್ರಹ್ಲಾದ ರಾವ್ ಅವರಂಥವರು ಸಾವಿರಾರು ಪದಬಂಧ ರಚಿಸಿ ಲಿಮ್ಕಾ ದಾಖಲೆ ಪುಸ್ತಕ ಸೇರಿದ್ದು ಸಣ್ಣ ಮಾತಲ್ಲ. ನಮ್ಮ ಆಕ್ಷೇಪ ಒಟ್ಟಾರೆ ಈ ಪ್ರಕಾರದ ಸುಳಿವುಗಳ ಬಗ್ಗೆ. ಕನ್ನಡದ ಬಹುಪಾಲು ಸುಳಿವುಗಳು ಸಮಾನಾರ್ಥಕ ಪದ ಕೇಳುತ್ತವೆ, ಇಲ್ಲವೇ ನೆನಪನ್ನು ಕೇಳುತ್ತವೆ. ಭಾಷೆಯ ಒಳಗಿನ ಆಟ ಕಡಿಮೆ. 'ಹಿಂದಿರುಗಿದ ನದಿ, ಸೂರ್ಯ ಇರುವಷ್ಟು ಹೊತ್ತು' ಎಂದರೆ 'ದಿನ'. 'ಕನ್ನಡಿಯಲ್ಲೂ ಬದಲಾಗದ ಚಿನ್ನ' ಎಂದರೆ 'ಕನಕ'. 'ತಲೆ ಕಳೆದುಕೊಂಡ ಕವನ ಕಾಡಾಯಿತು' ಎಂದರೆ 'ವನ'. ಇವು ನಮ್ಮ ಗುಂಪಿನಲ್ಲೇ ಹುಟ್ಟಿದವು, ಅಂಥ ದೊಡ್ಡ ಸಾಹಸವೇನಲ್ಲ. ಬೆಡಗಿನ ವಚನ, ಕನಕದಾಸರ ಮುಂಡಿಗೆ, ಹಳ್ಳಿಯ ಒಗಟುಗಳನ್ನು ಬೆನ್ನಿಗಿಟ್ಟುಕೊಂಡ ಭಾಷೆಯಲ್ಲಿ ಇಂಥ ಸುಳಿವು ವಾರಕ್ಕೆ ನಾಲ್ಕಾದರೂ ಇರಬೇಡವೆ?

ನೆನಪಿನ ಸುಳಿವುಗಳಲ್ಲಿ ಇನ್ನೊಂದು ತೊಡಕಿದೆ. ಅವು ಯಾರ ನೆನಪು? ಸುಭದ್ರೆಯ ಮಗ, ವಾಲಿಯ ಹೆಂಡತಿ, ಇಂದ್ರನ ಆನೆ: ಇವನ್ನೆಲ್ಲ ನಾವು ಕಲಿತಿದ್ದೇವೆ, ಸಂತೋಷದಿಂದಲೇ ಕಲಿತಿದ್ದೇವೆ, ಕನ್ನಡದಲ್ಲಿ ಬದುಕುವವರು ಕಲಿಯಬೇಕಾದದ್ದೇ. ಮುಸ್ಲಿಮರ ಬದುಕಿನಿಂದ ಬರುವ ಸುಳಿವು ಮಾತ್ರ 'ಮುಸ್ಲಿಮರ ಉಪವಾಸದ ತಿಂಗಳು' ಎಂಬಲ್ಲಿಗೆ ನಿಂತುಬಿಡುತ್ತದೆ. ತಮಾಷೆ ಎಂದರೆ ಚೌಕಗಳ ಒಳಗೆ ಬೇರೆಯೇ ಕಥೆ ನಡೆಯುತ್ತಿರುತ್ತದೆ. ಅರ್ಜಿ, ವಕೀಲ, ಜಾಮೀನು, ಹಕ್ಕು, ತಾಲ್ಲೂಕು, ದಾಖಲೆ, ತಕರಾರು ಎಲ್ಲ ಕನ್ನಡ ಪದಗಳಾಗಿಯೇ ಬಂದು ಕೂತಿರುತ್ತವೆ. ಯಾರೂ ಅವುಗಳ ವಿಳಾಸ ಕೇಳಿರುವುದಿಲ್ಲ.

ಗುಂಪು ಬೇಕಾಗುವುದು ಇಲ್ಲಿಯೇ. ನಮ್ಮಲ್ಲಿ ತಿಪಟೂರಿನ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ, ಪುರಾಣವೆಲ್ಲ ಅವರ ಜಮೆ. ದಮ್ಮಾಮಿನಲ್ಲಿ ಕೆಲಸ ಮಾಡುವ ಎಲೆಕ್ಟ್ರಿಷಿಯನ್ ಒಬ್ಬರಿಗೆ ಸಿನಿಮಾ ಹಾಡುಗಳು ಬಾಯಿಪಾಠ. ಬ್ಯಾಂಕಿನಲ್ಲಿರುವ ಒಬ್ಬಾಕೆಗೆ ಅಡುಗೆ, ಗಿಡಮೂಲಿಕೆ. ನಾವು ಕಚೇರಿಯ ಪದಗಳಿಗೆ. 'ತಕರಾರು' ಬಂದ ದಿನ, ಅರಬಿಯಲ್ಲಿ ಅದರ ಅರ್ಥ ಮತ್ತೆ ಮತ್ತೆ ಹೇಳುವುದು ಎಂದು ತಿಳಿಸಿದೆವು. ಮೇಷ್ಟ್ರು ಕೂಡಲೇ ಬರೆದರು: "ಹಾಗಾದ್ರೆ ನಮ್ಮ ಮನೆಯೋರು ಮಾಡೋದು ಶುದ್ಧ ಅರಬಿ ತಕರಾರು ಸಾಹೇಬ್ರೆ."

ಗುಂಪಿಗೆ ಒಂದೇ ಕಟ್ಟಳೆ. ಬರೀ ಉತ್ತರ ಹಾಕುವಂತಿಲ್ಲ, ಕಾರಣ ಹೇಳಬೇಕು. ಈಚೆಗೆ ಹುಡುಗರು ಸುಳಿವನ್ನು ಎಐಗೆ ಕೊಟ್ಟು ಬಂದದ್ದನ್ನು ಅಂಟಿಸುತ್ತಾರೆ. ಮೇಷ್ಟ್ರು 'ಯಾಕೆ?' ಎಂದು ಒಂದೇ ಪದ ಬರೆಯುತ್ತಾರೆ, ಹುಡುಗರು ಮಾಯ. ಕೂಡಿ ಬಿಡಿಸಿ ಬಹುಮಾನಕ್ಕೆ ಕಳಿಸುವುದು ನ್ಯಾಯವೇ ಎಂದು ಕೇಳುವವರಿದ್ದಾರೆ. ಶುಲ್ಕವಿಲ್ಲದೆ, ಸರಿಯುತ್ತರಗಳ ನಡುವೆ ಚೀಟಿ ಎತ್ತುವ ಇಂದಿನ ಸಣ್ಣ ಸ್ಪರ್ಧೆಗೆ ಮನೆಮಂದಿ ಕೂಡಿ ಬಿಡಿಸಿ ಒಂದು ಕಾರ್ಡು ಹಾಕುವುದರಲ್ಲಿ ತಪ್ಪಿಲ್ಲ, ಹನ್ನೊಂದು ಕಾರ್ಡು ಹಾಕಿದರೆ ತಪ್ಪು. ನಾವು ಒಂದೇ ಹಾಕುತ್ತೇವೆ.

ಇನ್ನೊಂದು ಅಲಿಖಿತ ಕಟ್ಟಳೆಯೂ ಇತ್ತು: ಪದಬಂಧದ ಹೊರಗಿನ ಮಾತು ಬೇಡ. 2022ರ ಫೆಬ್ರುವರಿಯಲ್ಲಿ ಹಿಜಾಬಿನ ವಿಷಯಕ್ಕೆ ಕಾಲೇಜುಗಳ ಗೇಟುಗಳಲ್ಲಿ ಆದದ್ದೆಲ್ಲ ಓದುಗರಿಗೆ ಗೊತ್ತು. ಹಳೆಯ ಸಹಪಾಠಿಗಳ, ಓಣಿಯವರ ಎಷ್ಟೋ ಗುಂಪುಗಳು ಆಗ ಒಡೆದವು. ನಮ್ಮದು ಒಡೆಯಲಿಲ್ಲ, ಯಾಕೆಂದರೆ ಯಾರೂ ಏನೂ ಹೇಳಲಿಲ್ಲ. ಪಿಯುಸಿ ಓದುವ ಮಗಳಿದ್ದ ಬ್ಯಾಂಕಿನ ಆ ಆಪಾ ಮೂರು ಭಾನುವಾರ ಬರಲೇ ಇಲ್ಲ. ನಾಲ್ಕನೆಯ ವಾರ ಪದಬಂಧವೆಲ್ಲ ತುಂಬಿತ್ತು, ಎಡದಿಂದ ಬಲಕ್ಕೆ ಹದಿನಾಲ್ಕು ಮಾತ್ರ ಖಾಲಿ. ಕಷ್ಟದ್ದೇನಲ್ಲ, ಯಾವುದೋ ಸೊಪ್ಪಿನ ಹೆಸರು. "ಇದು ಆಪಾ ಅವರದ್ದು, ಯಾರೂ ತುಂಬಬೇಡಿ" ಎಂದು ಮೇಷ್ಟ್ರು ಬರೆದರು. ಯಾರೂ ತುಂಬಲಿಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ಆಪಾ ಕಳಿಸಿದ ನಾಲ್ಕು ಅಕ್ಷರ ಬಂದವು, ಕಾರಣ ಬರೆದಿರಲಿಲ್ಲ. ಯಾರೂ 'ಯಾಕೆ' ಎಂದು ಕೇಳಲಿಲ್ಲ.

ಇದನ್ನು ಸೌಹಾರ್ದದ ಕಥೆ ಎಂದು ಹಿಗ್ಗಿಸಲು ನಮಗೆ ಮನಸ್ಸಿಲ್ಲ. ಮಗಳ ವಿಷಯ ಏನಾಯಿತು ಎಂದು ಕೇಳುವುದು ನೆರೆಹೊರೆಯ ಕರ್ತವ್ಯವಾಗಿತ್ತು, ಗುಂಪು ಅದನ್ನು ಕೇಳಲಿಲ್ಲ. ಚೌಕಗಳ ಸ್ನೇಹಕ್ಕೆ ಚೌಕಗಳಷ್ಟೇ ಅಗಲ. ಆದರೆ ಒಂದು ಜಾಗವನ್ನು ದಿನವಿಡೀ ಖಾಲಿ ಉಳಿಸುವುದು, ಉತ್ತರ ಗೊತ್ತಿದ್ದ ಹತ್ತು ಜನ ಸುಮ್ಮನಿರುವುದು ಏನೂ ಅಲ್ಲ ಎನ್ನಲೂ ಬಾಯಿ ಬರುವುದಿಲ್ಲ. ಸ್ಪರ್ಧೆಯಲ್ಲಿ ಖಾಲಿ ಚೌಕವಿದ್ದರೆ ಸೋಲು. ಆ ಭಾನುವಾರ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಪಾ ಈಗ ಕಟ್ಟಳೆ ಮುರಿದು ಪದಬಂಧದ ಹೊರಗಿನ ಮಾತೂ ಆಡುತ್ತಾರೆ, ಮೇಷ್ಟ್ರು ಉತ್ತರಿಸುತ್ತಾರೆ, ಕೆಲವೊಮ್ಮೆ ಜಗಳವೂ ಆಗುತ್ತದೆ.

ಕಳೆದ ತಿಂಗಳಿಂದ ಅವರಿಬ್ಬರೂ ಸೇರಿ ಸ್ವಂತ ಪದಬಂಧವೊಂದನ್ನು ಕಟ್ಟುತ್ತಿದ್ದಾರೆ, ಒಂಬತ್ತಕ್ಕೆ ಒಂಬತ್ತರದ್ದು. ಆಪಾ ಮೊದಲ ಸಾಲಿಗೆ 'ಜವಾಬ್ದಾರಿ' ಹಾಕಿ ಕೂತರು. ಅದರ ಮೂರನೆಯ ಚೌಕದ 'ಬ್ದಾ' ಇಬ್ಬರನ್ನೂ ಸತಾಯಿಸಿತು. ಆ ಅಕ್ಷರದಿಂದ ಶುರುವಾಗುವ ಪದವೇ ಇಲ್ಲ. ಸಾಲನ್ನು ಕೆಳಗಿಳಿಸಿ ನಡುವೆ 'ಬ್ದಾ' ಬರುವ ಪದ ಹುಡುಕಿದರು, ಎರಡು ದಿನ ಸಿಗಲಿಲ್ಲ. 'ಜವಾಬ್ದಾರಿ'ಯನ್ನೇ ತೆಗೆದುಬಿಡೋಣ ಎಂದು ಮೇಷ್ಟ್ರು, ಕೂಡದು ಎಂದು ಆಪಾ. ಮೂರನೆಯ ದಿನ ದಮ್ಮಾಮಿನಿಂದ ರಾತ್ರಿ ಪಾಳಿ ಮುಗಿಸಿದವರು ಕಾರಣ ಸಮೇತ ಉತ್ತರ ಕಳಿಸಿದರು: "ಮೇಲಿನಿಂದ ಕೆಳಕ್ಕೆ ಮೂರು ಅಕ್ಷರ, ಪದಗಳ ಅರ್ಥ. ಶಬ್ದಾರ್ಥ."