ಸೌಪರ್ಣಿಕೆಯ ಸಾವಧಾನ

ಸಂಚಾರಪ್ರಿಯರಾದ ನನ್ನ ಮಿತ್ರರಲ್ಲಿ ಹೆಚ್ಚಿನವರು, ಕಡಲತೀರವೆಂದೊಡನೆಯೇ ಮರಳನ್ನೂ ಅಲೆಯನ್ನೂ ಸೂರ್ಯಾಸ್ತವನ್ನೂ ಸ್ಮರಿಸಿ, ಆ ಮೂರೂ ದೊರೆತ ಎಡೆಯಲ್ಲಿ ಹಗಲೆಲ್ಲ ಕುಳಿತು ಹಿಂದಿರುಗುವುದರಲ್ಲಿ ಕೃತಾರ್ಥರಾಗುವವರು. ಮರಳಿನ ಮೇಲೆ ನನಗೇನೂ ದ್ವೇಷವಿಲ್ಲ. ಆದರೆ ಮರಳು ಎಲ್ಲ ಕಡಲುಗಳಿಗೂ ಉಂಟು, ನಮ್ಮ ಪಡುಗಡಲಿನ ತೀರಕ್ಕೆ ವೈಶಿಷ್ಟ್ಯವನ್ನಿತ್ತಿರುವುದು ಘಟ್ಟದಿಂದಿಳಿದು ಬರುವ ಹೊಳೆಗಳ ಅಳಿವೆಗಳೇ ಎಂಬುದು ನನ್ನ ಬಹುಕಾಲದ ಅಭಿಮತ. ಸಂಕ್ರಾಂತಿಯ ರಜೆಯಲ್ಲಿ ಉಡುಪಿಯಲ್ಲಿ ಕಲೆತಿದ್ದ ಗೆಳೆಯರನ್ನು ಈ ಪಕ್ಷಕ್ಕೆ ಹೇಗೋ ಒಲಿಸಿ, ಮಲ್ಪೆಯಿಂದ ಬೈಂದೂರಿನವರೆಗೆ ಒಂದು ಹಗಲಿನ ಪಯಣಕ್ಕೆ ಹೊರಡಿಸಿದೆನು.

ಇಂಥ ಪಯಣದ ವೇಳೆಯನ್ನು ಗಡಿಯಾರಕ್ಕಿಂತ ಉಬ್ಬರವಿಳಿತಗಳು ನಿಶ್ಚಯಿಸುವುದೇ ಲೇಸು. ಉಬ್ಬರವು ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ನಿನ್ನೆ ಒಬ್ಬರು ಕಂಡ ಅಳಿವೆಯನ್ನು ಇಂದು ಅದೇ ಗಳಿಗೆಯಲ್ಲಿ ಮತ್ತೊಬ್ಬರು ಕಾಣುವುದು ಸಾಧ್ಯವಿಲ್ಲ. ಒಂದು ಕಡೆ ಸುವರ್ಣೆಯನ್ನೂ ಮತ್ತೊಂದು ಕಡೆ ಸಮುದ್ರವನ್ನೂ ಇಟ್ಟುಕೊಂಡು ತೆಂಗಿನ ತೋಟಗಳ ನಡುವೆ ಉತ್ತರಕ್ಕೆ ಚಾಚಿರುವ ಕೋಡಿ ಬೆಂಗ್ರೆಯ ತುದಿಯನ್ನು ನಾವು ಮುಟ್ಟಿದಾಗ ನೀರು ಇಳಿಯುತ್ತಿತ್ತು. ಸೀತಾ ಸುವರ್ಣೆಯರು ಕೂಡಿ ಕಡಲನ್ನು ಸೇರುವ ಆ ಸಂಧಿಯಲ್ಲಿ, ಹೊರಗೆ ಸಾಗುವ ಹೊಳೆಯ ಸೆಳವಿಗೂ ಒಳಗೆ ನುಗ್ಗುವ ಅಲೆಗೂ ನಡೆಯುತ್ತಿದ್ದ ತಿಕ್ಕಾಟವನ್ನು ನೋಡುತ್ತ ನಿಂತವರನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು. ಈಜಲು ಇಳಿಯುವೆನೆಂದ ತರುಣಮಿತ್ರನನ್ನು ಮಾತ್ರ ನಿಷ್ಠುರವಾಗಿಯೇ ತಡೆದೆನು. ಅಳಿವೆಯ ಬಾಯಿ ನೋಟಕ್ಕೆ ಉಚಿತವೇ ಹೊರತು ಜಲಕ್ರೀಡೆಗಲ್ಲ.

ಕಾರಂತರ ಹುಟ್ಟೂರಾದ ಕೋಟವನ್ನು ಹಾದು, ಕುಂದಾಪುರದಲ್ಲಿ ಕಾಣೆ ಮೀನಿನ ಊಟವನ್ನೂ, ಶಾಕಾಹಾರಿಗಳ ಮೌನ ಪ್ರತಿಭಟನೆಯನ್ನೂ ಮುಗಿಸಿ, ಹೆಮ್ಮಾಡಿಯಲ್ಲಿ ಮಾರಣಕಟ್ಟೆಯ ಜಾತ್ರೆಗೆಂದು ಬೆಳೆಸಿದ ಸೇವಂತಿಗೆಯನ್ನು ಕೊಂಡು ಮುಂದುವರಿದೆವು.

ತ್ರಾಸಿಯನ್ನು ದಾಟಿದೊಡನೆ ಎಲ್ಲರೂ ಮಾತು ನಿಲ್ಲಿಸಿದರು. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕೆ, ನಡುವೆ ಹೆದ್ದಾರಿಗೆಷ್ಟು ಬೇಕೋ ಅದಕ್ಕಿಂತ ತುಸುವೇ ಹೆಚ್ಚಿನ ನೆಲ: ಮರವಂತೆಯ ಈ ನೋಟವನ್ನು ಚಿತ್ರಗಳಲ್ಲಿ ಕಾಣದವರಿಲ್ಲ. ಆದರೆ ಚಿತ್ರವು ಹೇಳದಿರುವ ಸಂಗತಿಯೇ ಹೆಚ್ಚು ರಸವತ್ತಾದುದು. ಕೊಡಚಾದ್ರಿಯ ಸೀಮೆಯಲ್ಲಿ ಹುಟ್ಟಿ, ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಯನ್ನು ಬಳಸಿ, ಕಾಡುಮೇಡುಗಳನ್ನೆಲ್ಲ ದಾಟಿ ಬಂದ ನದಿಯು, ಕಡಲಿನ ಮೊರೆತ ಕೇಳುವಷ್ಟು ಸಮೀಪಕ್ಕೆ ಬಂದ ಮೇಲೆಯೂ ಅದನ್ನು ಸೇರದೆ ಮೊಗ ತಿರುಗಿಸಿ, ತೆಂಕಲಾಗಿ ಸುಮಾರು 10 ಕಿಲೋಮೀಟರು ಹರಿದು, ಗಂಗೊಳ್ಳಿಯ ಬಳಿ ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ನದಿಗಳೊಡನೆ ಪಂಚಗಂಗಾವಳಿಯೆನಿಸಿಕೊಂಡ ಬಳಿಕವೇ ಸಮುದ್ರಪ್ರವೇಶ ಮಾಡುತ್ತದೆ. ಅಲೆಗಳು ತಂದು ಒಡ್ಡಿದ ಮರಳ ದಿಣ್ಣೆಯನ್ನು ಸೀಳುವಷ್ಟು ಇಳಿಜಾರು ಸಮತಟ್ಟಾದ ನೆಲದಲ್ಲಿ ಹರಿಯುವ ಹೊಳೆಗೆ ಇರುವುದಿಲ್ಲವಾದುದರಿಂದ, ಅದು ದಿಣ್ಣೆಯ ಬೆನ್ನಿಗೇ ಅಂಟಿಕೊಂಡು ದಾರಿಯನ್ನರಸಬೇಕಾಗುತ್ತದೆಂದು ವಿವರಿಸಬಹುದು. ವಿವರಣೆಯಿಂದ ನೋಟದ ಸೊಗಸು ಕುಂದಲಿಲ್ಲವೆಂಬುದು ನನ್ನ ಅನುಭವ. ನೋಟದ ನಡುವೆ ವಿವರಣೆ ನೀಡಿದ್ದರಿಂದ ನನ್ನ ಬಗ್ಗೆ ಮಿತ್ರರಿಗಿದ್ದ ಆದರ ಕುಂದಿರಬಹುದು.

ಕಡಲಿನ ಕಡೆ ಕೊರೆತವನ್ನು ತಡೆಯಲು ಸುರಿದ ಕರಿಬಂಡೆಗಳು ಕಣ್ಣಿಗೆ ಹಿತವಲ್ಲ, ಆದರೆ ಮಳೆಗಾಲದ ತೆರೆಗಳನ್ನು ಕಂಡವರಾರೂ ಅವನ್ನು ಅನಾವಶ್ಯಕವೆನ್ನಲಾರರು. ಹೊಳೆಯ ಮಗ್ಗುಲಿನ ವರಾಹಸ್ವಾಮಿಯ ಗುಡಿಯೆದುರು ನಿಂತರೆ ಎರಡು ನೀರುಗಳ ಸ್ವಭಾವಭೇದವು ಚೆನ್ನಾಗಿ ತಿಳಿಯುತ್ತದೆ: ಅತ್ತ ಒಂದು ಕ್ಷಣವೂ ಬಿಡುವಿಲ್ಲದ ಅಲೆ, ಇತ್ತ ಹೊಳೆನಡುವಿನ ನಡುಗಡ್ಡೆಗಳಾದ ಕುದ್ರುಗಳ ತೆಂಗಿನ ನೆರಳನ್ನು ಹೊತ್ತು ಮಲಗಿದ ನೀರು. ಕರ್ಕಾಟಕ ಅಮಾವಾಸ್ಯೆಯ ಜಾತ್ರೆಯಂದು ಜನರು, ವಿಶೇಷವಾಗಿ ನವದಂಪತಿಗಳು, ಕಡಲಿನಲ್ಲಿಯೂ ಹೊಳೆಯಲ್ಲಿಯೂ ಮೀಯುವರೆಂಬುದನ್ನು ಕೇಳಿದಾಗ, ನನ್ನ ಅಭಿಮತಕ್ಕೆ ಈ ಊರಿನ ಸಂಪ್ರದಾಯವೇ ಸಾಕ್ಷಿ ನುಡಿದಂತಾಯಿತು.

ಸಂಜೆಗೆ ಒತ್ತಿನೆಣೆಯ ಗುಡ್ಡವನ್ನೇರಿದೆವು. ಅಲ್ಲಿ ಬಹುಮತವು ಸೂರ್ಯನ ಪಕ್ಷವನ್ನು ಹಿಡಿಯಿತು. ಕೆಳಗೆ ಸೋಮೇಶ್ವರದ ಬಳಿ ಸುಮನಾವತಿಯು ಕಡಲನ್ನು ಸೇರುವ ಎಡೆಯತ್ತ ನೋಡಿರೆಂದು ನಾನು ಮತ್ತೆ ಮತ್ತೆ ಕೈದೋರಿದರೂ ಯಾರೊಬ್ಬರೂ ಅತ್ತ ತಿರುಗಲಿಲ್ಲ. ಆಷಾಢದಲ್ಲಿ ಹೊಳೆಗಳು ಕೆಂಪಾಗಿ ತುಂಬಿ ಬರುವಾಗ ಇದೇ ದಾರಿಯಲ್ಲಿ ಇನ್ನೊಮ್ಮೆ ಬರುವುದೆಂದು ಗುಡ್ಡವನ್ನಿಳಿಯುತ್ತ ತೀರ್ಮಾನವಾಗಿದೆ. ಆ ಮಾಸದಲ್ಲಿ ಸೂರ್ಯದರ್ಶನದ ಭರವಸೆಯಿಲ್ಲವೆಂಬುದನ್ನು ನಾನಾಗಿ ಅವರಿಗೆ ಜ್ಞಾಪಿಸಲಿಲ್ಲ.