ಟರ್ಮಿನಲ್ಲಿನ ಮನೆಗಳು ಮತ್ತು ಕನ್ನಡದ ಅಕ್ಷರ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನದ ಪಠ್ಯಕ್ರಮದಲ್ಲಿ ಯುನಿಕ್ಸ್ ಬಹುಕಾಲದಿಂದ ಸ್ಥಾನ ಪಡೆದಿದ್ದು, 2015ರ ಪಠ್ಯಕ್ರಮದಲ್ಲಂತೂ ‘ಯುನಿಕ್ಸ್ ಮತ್ತು ಶೆಲ್ ಪ್ರೋಗ್ರಾಮಿಂಗ್’ ಎಂಬ ಪ್ರತ್ಯೇಕ ವಿಷಯವೇ ಇತ್ತು. ಬಸವಕಲ್ಯಾಣದ ಇಂಜಿನಿಯರಿಂಗ್ ಕಾಲೇಜು ಇದೇ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿರುವುದರಿಂದ, ಆ ಊರಿನಿಂದಲೋ ನೆರೆಯ ಹುಮನಾಬಾದಿನಿಂದಲೋ ಅಲ್ಲಿಗೆ ಬರುವ ವಿದ್ಯಾರ್ಥಿಗೆ ಕಪ್ಪು ತೆರೆಯ ಮೇಲೆ ಕಮಾಂಡ್ ಟೈಪ್ ಮಾಡುವ ಕ್ರಮ ಹೊಸದೇನಲ್ಲ. ಕಮಾಂಡುಗಳನ್ನು ಪಟ್ಟಿಯಾಗಿ ಕಲಿಸಿ, ಅವು ಹಾದುಹೋಗುವ ಸಾಧನವನ್ನೇ ವಿವರಿಸದೆ ಬಿಡುವ ಬೋಧನೆ ಮಾತ್ರ ಅಪೂರ್ಣವಾದದ್ದು. ತನ್ನ ಊರಿನ ಹೆಸರು ಆ ತೆರೆಯ ಮೇಲೆ ಏಕೆ ಚದುರಿ ಕಾಣುತ್ತದೆ ಎಂಬ ಪ್ರಶ್ನೆಗೆ ಅಂಥ ಪಾಠದಿಂದ ಉತ್ತರ ಸಿಗುವುದಿಲ್ಲ.

ಟರ್ಮಿನಲ್, ಕನ್ಸೋಲ್, ಶೆಲ್ ಎಂಬ ಮೂರನ್ನೂ ಒಂದೇ ಎಂದು ಭಾವಿಸುವುದು ವಾಡಿಕೆ. ಟರ್ಮಿನಲ್ ಎಂಬುದು ಮೊದಲು ತಂತಿಯ ತುದಿಯಲ್ಲಿ ಕೂತಿದ್ದ ಒಂದು ಯಂತ್ರ: 1963ರಲ್ಲಿ ಬಂದ ಟೆಲಿಟೈಪ್ ಮಾಡೆಲ್ 33 ಸೆಕೆಂಡಿಗೆ ಹತ್ತು ಅಕ್ಷರಗಳಂತೆ ಕಾಗದದ ಮೇಲೆ ಮುದ್ರಿಸುತ್ತಿತ್ತು, 1978ರ ವಿಟಿ100 ಅದೇ ಕೆಲಸವನ್ನು 80 ಕಂಬಸಾಲು, 24 ಅಡ್ಡಸಾಲುಗಳ ಗಾಜಿನ ತೆರೆಗೆ ತಂದಿತು. ಯಂತ್ರವನ್ನು ನಡೆಸುವವರಿಗೆಂದೇ ನೇರವಾಗಿ ಜೋಡಿಸಿದ, ವ್ಯವಸ್ಥೆ ಏಳುವಾಗಲೂ ಕೆಡುವಾಗಲೂ ಸಂದೇಶ ಬರುವ ಟರ್ಮಿನಲ್ಲೇ ಕನ್ಸೋಲ್. ಶೆಲ್ ಇವೆರಡರಿಂದಲೂ ಬೇರೆಯಾಗಿದ್ದು, ಟೈಪ್ ಮಾಡಿದ ಸಾಲನ್ನು ಓದಿ ಅರ್ಥೈಸಿ ಬೇರೆ ಪ್ರೋಗ್ರಾಮುಗಳನ್ನು ನಡೆಸುವ ಅದು ತಾನೂ ಒಂದು ಸಾಮಾನ್ಯ ಪ್ರೋಗ್ರಾಂ. ಇಂದು ಕಿಟಕಿಯಲ್ಲಿ ತೆರೆದುಕೊಳ್ಳುವುದು ಆ ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್. ಇವುಗಳ ನಡುವೆ, ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ಲಿನ ಒಳಗೆ ಇನ್ನೊಂದು ಪದರವಿದೆ. ಕೀಲಿ ಒತ್ತಿದ ಅಕ್ಷರವನ್ನು ತೆರೆಗೆ ಮರಳಿಸುವುದು, ಕಂಟ್ರೋಲ್-ಸಿ ಒತ್ತಿದಾಗ ಓಡುತ್ತಿರುವ ಪ್ರೋಗ್ರಾಮಿಗೆ ನಿಲುಗಡೆಯ ಸಂಕೇತ ಕಳಿಸುವುದು ಮೂಲತಃ ಆ ಪದರದ ಕೆಲಸ. ಪಾಸ್‌ವರ್ಡ್ ಟೈಪ್ ಮಾಡುವಾಗ ತೆರೆಯ ಮೇಲೆ ಏನೂ ಮೂಡದಿರುವುದಕ್ಕೆ ಕಾರಣವೂ, ಪ್ರೋಗ್ರಾಂ ಆ ಪದರಕ್ಕೆ ಮರಳಿಸುವುದನ್ನು ನಿಲ್ಲಿಸಲು ಹೇಳಿರುವುದೇ.

ಐದು ದಶಕ ದಾಟಿದ ಈ ವ್ಯವಸ್ಥೆಯನ್ನು ಹಳತೆಂದು ತಳ್ಳಿಹಾಕುವುದು ಸಲ್ಲದು. ಮಾಡಿದ ಕೆಲಸವೆಲ್ಲ ಪಠ್ಯವಾಗಿ ಉಳಿಯುವುದರಿಂದ ಅದನ್ನು ಮತ್ತೆ ನಡೆಸಬಹುದು, ಇನ್ನೊಬ್ಬರಿಗೆ ಕೊಡಬಹುದು, ತಪ್ಪು ಎಲ್ಲಿ ನುಸುಳಿತೆಂದು ಸಾಲು ಹಿಡಿದು ತೋರಿಸಬಹುದು. ನಿಧಾನವಾದ ಸಂಪರ್ಕದಲ್ಲಿಯೂ ದೂರದ ಯಂತ್ರವನ್ನು ನಡೆಸಬಹುದು. ಹಳೆಯ ಕಂಪ್ಯೂಟರುಗಳಿಂದಲೇ ಪ್ರಯೋಗಾಲಯ ನಡೆಸಬೇಕಾದ ಊರುಗಳಿಗೆ ಇದು ಸಣ್ಣ ಅನುಕೂಲವಲ್ಲ.

ಆದರೆ ಈ ವ್ಯವಸ್ಥೆಯ ದೋಷ ಇರುವುದು ಅದರ ತಳಪಾಯದಲ್ಲಿಯೇ. ಗಣಿತದ ಚೌಕಳಿ ಪುಸ್ತಕದಂತೆ ಸಮನಾದ ಮನೆಗಳಾಗಿ ಒಡೆದ ತೆರೆಯಲ್ಲಿ ಒಂದು ಅಕ್ಷರಕ್ಕೆ ಒಂದು ಮನೆ ಎಂಬ ನಿಯಮ ಇಂಗ್ಲಿಷಿಗೆ ಹೊಂದಿತು, ಕನ್ನಡಕ್ಕೆ ಹೊಂದಲಿಲ್ಲ. ‘ಬಸವಕಲ್ಯಾಣ’ ಎಂಬ ಹೆಸರನ್ನೇ ನೋಡಬಹುದು: ಓದುವ ಕಣ್ಣಿಗೆ ಅದರಲ್ಲಿ ಆರು ಅಕ್ಷರಗಳು, ಯುನಿಕೋಡಿನ ಲೆಕ್ಕದಲ್ಲಿ ಒಂಬತ್ತು ಸಂಕೇತಗಳು, ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ ಮೂರರಂತೆ 27 ಬೈಟುಗಳು. ‘ಹುಮನಾಬಾದ್’ ಕೂಡ ಒಂಬತ್ತು ಸಂಕೇತಗಳ, 27 ಬೈಟುಗಳ ಹೆಸರೇ, ಆದರೆ ಓದುವಾಗ ಐದೇ ಅಕ್ಷರ. ‘ಲ್ಯಾ’ ಎಂಬ ಒಂದು ಒತ್ತಕ್ಷರದಲ್ಲಿ ಲಕಾರ, ಹಲಂತ, ಯಕಾರ, ದೀರ್ಘ ಎಂಬ ನಾಲ್ಕು ಸಂಕೇತಗಳಿದ್ದು, ಹಲಂತಕ್ಕೆ ಅಗಲವೇ ಇಲ್ಲವೆಂದೂ ಯಕಾರಕ್ಕೆ ತನ್ನದೇ ಮನೆ ಬೇಕೆಂದೂ ಟರ್ಮಿನಲ್ ಎಣಿಸುತ್ತದೆ. ಲಕಾರದ ಕೆಳಗೆ ಕೂರಬೇಕಾದ ಒತ್ತಿಗೆ ಆ ಎಣಿಕೆಯಲ್ಲಿ ಸ್ಥಾನವೇ ಇಲ್ಲ. ಇನ್ನು ಅಳಿಸುವಿಕೆ. ಲಿನಕ್ಸ್ ಕರ್ನಲ್ 2004ರಿಂದ ಯುಟಿಎಫ್-8 ಸಂಕೇತವೊಂದನ್ನು ಇಡಿಯಾಗಿ ಅಳಿಸಬಲ್ಲುದಾದರೂ ಅಕ್ಷರವೊಂದನ್ನು ಇಡಿಯಾಗಿ ಅಳಿಸಲಾರದು. ಅಗಲವಿಲ್ಲದ ಹಲಂತವನ್ನು ಅಳಿಸಿದಾಗಲೂ ತೆರೆಯ ಮೇಲೆ ಒಂದು ಮನೆ ಹಿಂದೆ ಸರಿಯುವುದರಿಂದ, ಕಾಣುವ ಪಠ್ಯಕ್ಕೂ ಒಳಗೆ ಉಳಿದ ಪಠ್ಯಕ್ಕೂ ತಾಳೆ ತಪ್ಪುತ್ತದೆ. ಲಿನಕ್ಸಿನ ಪಠ್ಯ ಕನ್ಸೋಲಿನಲ್ಲಂತೂ ಒಂದು ಫಾಂಟಿಗೆ ಗರಿಷ್ಠ 512 ಆಕೃತಿಗಳ ಮಿತಿ ಇದ್ದು, ಒತ್ತಕ್ಷರ ಕೂಡಿಸುವ ಏರ್ಪಾಡೇ ಅಲ್ಲಿಲ್ಲ. ಕನ್ನಡದ ಜೊತೆಗೆ ಮರಾಠಿಯ ದೇವನಾಗರಿಯೂ ಬಲದಿಂದ ಎಡಕ್ಕೆ ಸಾಗುವ ಉರ್ದುವೂ ಬಳಕೆಯಲ್ಲಿರುವ ಈ ಸೀಮೆಯಲ್ಲಿ, ಒಂದೇ ನಿಯಮ ಮೂರು ಲಿಪಿಗಳನ್ನು ಮೂರು ಬಗೆಯಲ್ಲಿ ಕೆಡಿಸುತ್ತದೆ.

ಇದು ಪರಿಹಾರವೇ ಇಲ್ಲದ ತೊಡಕೇನಲ್ಲ. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಮೊದಲಾಗಿ, ಮುಂದೆ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ತಂತ್ರಜ್ಞಾನ ಭಾರತೀಯ ಲಿಪಿಗಳನ್ನು ಪಠ್ಯದ ತೆರೆಯ ಮೇಲೆಯೇ ಮೂಡಿಸಿತ್ತು. ಪ್ರೋಗ್ರಾಮಿಗೆ ಎಂಟು ಬಿಟ್ಟುಗಳ ಸಂಕೇತಗಳನ್ನಷ್ಟೇ ಒಪ್ಪಿಸಿ, ಅವನ್ನು ಕೂಡಿಸಿ ಅಕ್ಷರವಾಗಿಸುವ ಹೊಣೆಯನ್ನು ತೆರೆಯ ಬದಿಯ ಯಂತ್ರಾಂಶಕ್ಕೆ ವಹಿಸಿದ್ದು ಅದರ ಹಿರಿಮೆ. ಆ ಬಗೆಯ ಸಂಕೇತಕ್ರಮ 1991ರಲ್ಲಿ ‘ಇಸ್ಕಿ’ ಎಂಬ ಭಾರತೀಯ ಮಾನಕವಾಯಿತು. ಪಠ್ಯದ ತೆರೆಯ ಡಾಸ್ ಯುಗ ಮುಗಿದು ಚಿತ್ರರೂಪದ ಕಿಟಕಿಗಳು ಬಂದ ಮೇಲೆ ಭಾರತೀಯ ಲಿಪಿಯ ಶ್ರಮವೆಲ್ಲ ಫಾಂಟು ಮತ್ತು ಪುಟವಿನ್ಯಾಸದ ಕಡೆ ಹರಿದು, ಟರ್ಮಿನಲ್ ಅನಾಥವಾಯಿತು ಎಂದೇ ಹೇಳಬೇಕು. ಎಂಎಲ್‌ಟರ್ಮ್‌ನಂಥ ಎಮ್ಯುಲೇಟರ್‌ಗಳು ಒತ್ತಕ್ಷರವನ್ನು ಕೂಡಿಸಿ ತೋರಿಸಲು ಯತ್ನಿಸಿವೆಯಾದರೂ, ಅವುಗಳೊಳಗೆ ಓಡುವ ಸಂಪಾದಕ ಪ್ರೋಗ್ರಾಂ ಅಗಲವನ್ನು ಬೇರೆಯೇ ಕೋಷ್ಟಕದಿಂದ ಲೆಕ್ಕಹಾಕಿದರೆ ಕರ್ಸರ್ ಮತ್ತೆ ತಪ್ಪಾದ ಜಾಗದಲ್ಲಿ ನಿಲ್ಲುತ್ತದೆ. ಎಮ್ಯುಲೇಟರ್, ಕರ್ನಲ್ಲಿನ ಪದರ, ಪ್ರೋಗ್ರಾಂ ಮೂರೂ ಅಕ್ಷರದ ಅಗಲವನ್ನು ಒಂದೇ ರೀತಿ ಎಣಿಸುವಂತೆ ಮಾಡುವುದು ಈಗ ಉಳಿದಿರುವ ಕೆಲಸವಾಗಿದ್ದು, ಅವುಗಳಲ್ಲಿ ಹಲವಕ್ಕೆ ಮೂಲಸಂಕೇತ ಮುಕ್ತವಾಗಿ ಸಿಗುವುದರಿಂದ ಬಸವಕಲ್ಯಾಣದ ವಿದ್ಯಾರ್ಥಿಯೊಬ್ಬರ ಅಂತಿಮ ವರ್ಷದ ಪ್ರಾಜೆಕ್ಟಿಗೂ ಅದು ನಿಲುಕುವಂಥದೇ.